ಅಟ್ಟದ ಪೆಟ್ಟಿಗೆಯ ಮನೆಕಾಗದಗಳು: ಬಿಡಿಸುವ, ಕಾಲ ಹಿಡಿಯುವ, ಓದಿ ಇಡುವ ಕ್ರಮ

ಹಳೆಯ ಕಾಗದಗಳ ಪೆಟ್ಟಿಗೆಗೆ ಕೈಹಾಕಬೇಕೆಂದು ಅನಿಸುವುದು ಹೆಚ್ಚಾಗಿ ಆಟಿಯಲ್ಲಿ, ಅಂದರೆ ಜುಲೈ-ಆಗಸ್ಟಿನ ಜಡಿಮಳೆಯ ತುಳು ತಿಂಗಳಲ್ಲಿ. ತೋಟದ ಕೆಲಸ ನಿಂತಿರುತ್ತದೆ, ಹೊರಗೆ ಕಾಲಿಡುವಂತಿರುವುದಿಲ್ಲ. ಆದರೆ ಕಾಸರಗೋಡಿನ ಕಡೆ ಕಾಗದ ಬಿಡಿಸಲು ಅದಕ್ಕಿಂತ ಕೆಟ್ಟ ಕಾಲ ಇನ್ನೊಂದಿಲ್ಲ. ಒಣಗಿದ್ದ ಹಾಳೆ ಒಂದೇ ರಾತ್ರಿಯಲ್ಲಿ ತೇವ ಹೀರಿ ಮೆತ್ತಗಾಗುತ್ತದೆ, ಇನ್‌ಲ್ಯಾಂಡಿನ, ಅಂದರೆ ಮಡಿಸಿ ಅಂಟಿಸುವ ಅಂಚೆಕಾಗದದ, ಗೋಂದು ಮತ್ತೆ ಅಂಟಿಕೊಳ್ಳುತ್ತದೆ, ಒಣಗಿ ಸುಮ್ಮನಿದ್ದ ಬೂಷ್ಟು ಎಚ್ಚರಾಗುತ್ತದೆ. ಡಿಸೆಂಬರ್ ನಡುವಿನಿಂದ ಮಾರ್ಚ್ ಮುಗಿಯುವವರೆಗೆ, ಬೆಳಗಿನ ಮಂಜು ಆರಿದ ಮೇಲೆ ಕೆಲಸಕ್ಕೆ ಕುಳಿತುಕೊಳ್ಳಿ. ಸಂಜೆ ಐದರ ಒಳಗೆ ಮುಚ್ಚಿಡಿ.

ಬೇಕಾದ ಸಾಮಾನು ಹೆಚ್ಚಿಲ್ಲ. ಅಗಲದ ಮೇಜು, ಗಂಜಿ ಹೋಗುವಂತೆ ಎರಡು ಸಲ ತೊಳೆದ ಬಿಳಿ ಹತ್ತಿ ಬಟ್ಟೆ, ಮೆತ್ತನೆಯ ಅಗಲ ಬ್ರಷ್ಷು, ಮೊಂಡು ತುದಿಯ ಚಪ್ಪಟೆ ಕಡ್ಡಿ, ಬಿ ಅಥವಾ 2ಬಿ ಪೆನ್ಸಿಲು, ಫೋನು, ಒಂದು ನೋಟುಪುಸ್ತಕ. ಕೈಗವಸು ಬೇಡ. ಕೈ ತೊಳೆದು ಚೆನ್ನಾಗಿ ಒರೆಸಿಕೊಂಡರೆ ಸಾಕು. ಗವಸು ಹಾಕಿದ ಬೆರಳಿಗೆ ಹಾಳೆಯ ಅಂಚು ತಿಳಿಯುವುದಿಲ್ಲ, ಹರಿಯುವುದು ಆಗಲೇ. ತಲೆಗೆ ಎಣ್ಣೆ ಹಚ್ಚಿದ ದಿನ ಮಾತ್ರ ಈ ಕೆಲಸಕ್ಕೆ ಬರಬೇಡಿ.

ಇನ್ನು ಒಂದು ಹಟ. ಒಳಗಿನ ಮಾತಿಗಿಂತ ಮೊದಲು ಹಾಳೆ, ಮಡಿಕೆ, ಅಂಚೆಮುದ್ರೆ, ದರ ಇವನ್ನು ಓದಿ. ಬರೆದವರಿಗೆ ಎಷ್ಟು ಜಾಗವಿತ್ತು, ಎಷ್ಟು ಕಾಸು ತಗಲಿತು, ಯಾರ ಕೈಯಲ್ಲಿ ಹೋಯಿತು ಎಂದು ಗೊತ್ತಾಗದೆ ಅವರು ಯಾಕೆ ಹಾಗೆ ಬರೆದರು ಎಂಬುದು ಗೊತ್ತಾಗುವುದಿಲ್ಲ. ಕವರು ಬಿಸಾಡಿ ಕಾಗದ ಮಾತ್ರ ಇಟ್ಟುಕೊಂಡವರು ಅರ್ಧ ದಾಖಲೆ ಬಿಸಾಡಿದ ಹಾಗೆ.

ಸರಿಗೆ, ಕಟ್ಟು, ಪಿನ್ನು

ನಮ್ಮ ಕಡೆ ಬಹಳ ಮನೆಗಳಲ್ಲಿ ಬಂದ ಕಾಗದವನ್ನು ಓದಿಯಾದ ಮೇಲೆ ಕೊಕ್ಕೆಯಂತೆ ಬಾಗಿಸಿದ ಕಬ್ಬಿಣದ ಸರಿಗೆಗೆ ಚುಚ್ಚಿ ತೂಗುಹಾಕುತ್ತಿದ್ದರು. ಈ ಸರಿಗೆ ದೊಡ್ಡ ಉಪಕಾರ. ಮೊದಲು ಬಂದದ್ದು ತಳದಲ್ಲಿ, ಕೊನೆಗೆ ಬಂದದ್ದು ಮೇಲೆ. ದಿನಾಂಕವಿಲ್ಲದ ಕಾಗದದ ಕಾಲವನ್ನು ಅದರ ಕೆಳಗಿನ ಮತ್ತು ಮೇಲಿನ ಕಾಗದಗಳೇ ಹೇಳಿಬಿಡುತ್ತವೆ. ಆದ್ದರಿಂದ ಸರಿಗೆಯಿಂದ ತೆಗೆಯುವ ಮೊದಲು ಇಡೀ ಗೊಂಚಲಿನ ಫೋಟೋ ನಾಲ್ಕು ಬದಿಯಿಂದ ತೆಗೆಯಿರಿ. ಕಾಗದಗಳನ್ನು ಕೊಕ್ಕೆಯ ತುದಿಯತ್ತ ಎಳೆಯಬೇಡಿ. ತುಕ್ಕು ಹಿಡಿದ ಸರಿಗೆಯಲ್ಲಿ ತೂತು ಗರಗಸಕ್ಕೆ ಸಿಕ್ಕ ಹಾಗೆ ದೊಡ್ಡದಾಗುತ್ತದೆ. ಇಕ್ಕುಳದಿಂದ ಸರಿಗೆಯನ್ನು ಗೊಂಚಲಿನ ಎರಡೂ ಕಡೆ ಕತ್ತರಿಸಿ, ತುಂಡಾದ ತುದಿಯನ್ನು ಉಪ್ಪುಕಾಗದದಿಂದ ಉಜ್ಜಿ ನಯ ಮಾಡಿ, ಒಂದೊಂದಾಗಿ ಬಿಡಿಸಿ. ಬಿಡಿಸಿದ ಕೂಡಲೇ ಹಿಂಬದಿಯ ಕೆಳಮೂಲೆಯಲ್ಲಿ ಪೆನ್ಸಿಲಿನಿಂದ ಸಂಖ್ಯೆ ಹಾಕಿ: ಕಟ್ಟಿನ ಸಂಖ್ಯೆ, ಗೀಟು, ಕಾಗದದ ಸಂಖ್ಯೆ. 3-017 ಎಂದರೆ ಮೂರನೆಯ ಕಟ್ಟಿನ ಹದಿನೇಳನೆಯ ಕಾಗದ. ಬಾಲ್‌ಪೆನ್ನು ಈ ಮೇಜಿನ ಹತ್ತಿರವೂ ಬರಬಾರದು.

ಬಾಳೆನಾರು ಅಥವಾ ನೂಲಿನಿಂದ ಕಟ್ಟಿದ ಕಟ್ಟುಗಳಿದ್ದರೆ ಒಂದು ಕಟ್ಟಿನ ಕಾಗದ ಇನ್ನೊಂದಕ್ಕೆ ಸೇರದಂತೆ ನೋಡಿ. ಕಟ್ಟಿದವರಿಗೆ ಏನೋ ಲೆಕ್ಕವಿತ್ತು. ಒಂದು ಕಟ್ಟು ಗೇಣಿಯ ತಕರಾರಿನದು, ಇನ್ನೊಂದು ಮಗಳ ಮನೆಯಿಂದ ಬಂದದ್ದು, ಮತ್ತೊಂದು ಎಂ.ಒ. (ಮನಿಯಾರ್ಡರ್) ಕೂಪನುಗಳದು. ವರ್ಷದ ಪ್ರಕಾರ ಮರುಜೋಡಣೆ ಮಾಡುವ ಆಸೆಯನ್ನು ಕಂಪ್ಯೂಟರಿನಲ್ಲಿ ತೀರಿಸಿಕೊಳ್ಳಿ. ಕಾಗದಗಳು ಇದ್ದ ಸಾಲಿನಲ್ಲೇ ಇರಲಿ.

ತುಕ್ಕು ಹಿಡಿದ ಗುಂಡುಪಿನ್ನನ್ನು ಎಳೆದು ತೆಗೆದರೆ ಸುತ್ತಲಿನ ಕಾಗದ ಅದರ ಜೊತೆಗೇ ಬರುತ್ತದೆ. ಪಿನ್ನಿನ ಕೆಳಗೆ ದಪ್ಪ ಪ್ಲಾಸ್ಟಿಕ್ಕಿನ ಸಣ್ಣ ತುಂಡು ತೂರಿಸಿ, ಚಪ್ಪಟೆ ಕಡ್ಡಿಯಿಂದ ಎರಡೂ ಕಡೆ ತುಸು ಎತ್ತಿ, ತುಕ್ಕಿನ ಹಿಡಿತ ಬಿಟ್ಟ ಮೇಲೆ ಜಾರಿಸಿ ತೆಗೆಯಿರಿ. ರಬ್ಬರ್ ಬ್ಯಾಂಡು ಕರಗಿ ಅಂಟಿದ್ದರೆ ಅಂಟಿದ ಭಾಗವನ್ನು ಹಾಗೇ ಬಿಟ್ಟು, ಬ್ಯಾಂಡಿನ ಸಡಿಲ ಭಾಗವನ್ನು ಮಾತ್ರ ಕತ್ತರಿಸಿ.

ಅಡಿಗೆಮನೆಯ ಅಟ್ಟದಲ್ಲಿದ್ದ ಕಾಗದಕ್ಕೆ ಹೊಗೆಯ ಮಸಿ ಹಿಡಿದಿರುತ್ತದೆ. ಆ ಹೊಗೆ ಒರಲೆಯನ್ನು (ಗೆದ್ದಲನ್ನು) ದೂರ ಇಟ್ಟದ್ದು ನಿಜ, ಹಾಳೆಯನ್ನು ಹಪ್ಪಳದಂತೆ ಒಡೆಯುವ ಹಾಗೆ ಮಾಡಿದ್ದೂ ಅದೇ. ಮಸಿಯನ್ನು ನಡುವಿನಿಂದ ಅಂಚಿಗೆ ಬ್ರಷ್ಷಿನಿಂದ ತಳ್ಳಿ. ಬಟ್ಟೆಯಿಂದ ಒರೆಸಿದರೆ ಅದು ಕಾಗದದ ನಾರಿನೊಳಕ್ಕೆ ಇಳಿಯುತ್ತದೆ. ಬೂಷ್ಟು ಕಂಡರೆ ಮಾಸ್ಕ್ ಹಾಕಿ, ಅಂಗಳದ ನೆರಳಿನಲ್ಲಿ, ಗಾಳಿ ನಿಮ್ಮಿಂದ ಆಚೆಗೆ ಬೀಸುವಂತೆ ಕುಳಿತು ಒಣಬ್ರಷ್ಷು ಆಡಿಸಿ. ಅಡಿಕೆ ಹರವಿದ ಅಂಗಳದಲ್ಲೇ ಕಾಗದವನ್ನೂ ಬಿಸಿಲಿಗೆ ಹಾಕುವವರಿದ್ದಾರೆ. ಎರಡು ಬಿಸಿಲು ಸಾಕು, ತೊಳೆದರೆ ಹೋಗುವ ನೀಲಿ ಶಾಯಿ ಕಾಣದಂತಾಗಲು.

ಮಡಿಕೆಯಲ್ಲಿ ಗಟ್ಟಿಯಾದ ಹಾಳೆಯನ್ನು ಬಲವಂತದಿಂದ ಬಿಡಿಸಬೇಡಿ. ಮುಚ್ಚಳವಿರುವ ದೊಡ್ಡ ಡಬ್ಬಿಯ ತಳದಲ್ಲಿ ಹಿಂಡಿದ ಒದ್ದೆ ಬಟ್ಟೆ, ಅದಕ್ಕೆ ತಾಗದಂತೆ ಮೇಲೊಂದು ಜಾಲರಿ, ಜಾಲರಿಯ ಮೇಲೆ ಕಾಗದ. ಒಂದರಿಂದ ಎರಡು ಗಂಟೆ. ಇಪ್ಪತ್ತು ನಿಮಿಷಕ್ಕೊಮ್ಮೆ ನೋಡಿ. ಮಡಿಕೆ ತಾನಾಗಿ ಸಡಿಲವಾದಾಗ ತೆಗೆದು, ಎರಡು ಒತ್ತುಕಾಗದಗಳ ನಡುವೆ ಇಟ್ಟು, ಮೇಲೆ ಹಲಗೆ ಮತ್ತು ಭಾರ ಹೇರಿ ಎರಡು ದಿನ ಬಿಡಿ. ಈ ಉಪಾಯ ಎಲ್ಲ ಶಾಯಿಗೂ ಆಗದು. ನೀಲಿ ಫೌಂಟನ್ ಪೆನ್ನಿನ ಬರಹ ಹರಡಬಹುದು. ತೇವ ತಾಗಿದರೆ ನೇರಳೆಯಾಗುವ ಪೆನ್ಸಿಲಿನ ಬರಹವಂತೂ ಖಂಡಿತ ಹರಡುತ್ತದೆ. ಪೆನ್ಸಿಲಿನ ಗೆರೆಯಲ್ಲಿ ಅಲ್ಲಲ್ಲಿ ನೇರಳೆ ಚುಕ್ಕಿ ಕಂಡರೆ ಅದೇ ಎಂದು ತಿಳಿಯಿರಿ. ಅಳಲೆಕಾಯಿ ಕಷಾಯಕ್ಕೆ ಅನ್ನಭೇದಿ (ಕಬ್ಬಿಣದ ಲವಣ) ಹಾಕಿ ಮಾಡಿದ ಹಳೆಯ ಕರಿ ಶಾಯಿ ಕಾಲಕ್ರಮದಲ್ಲಿ ಕಂದಾಗಿ ಕಾಗದವನ್ನೇ ತಿನ್ನುತ್ತದೆ. ತೇವ ಸಿಕ್ಕರೆ ಆ ತಿನ್ನುವಿಕೆ ಜೋರಾಗುತ್ತದೆ. ಅಕ್ಷರ ಇದ್ದಲ್ಲೇ ಹಾಳೆ ತೂತಾಗಿದ್ದರೆ ಕಾರಣ ಹುಳವಲ್ಲ, ಶಾಯಿ.

ಜಾಗಕ್ಕೆ ಬೆಲೆ ಇದ್ದಾಗ

ಹಾಳೆಯ ಅಳತೆ ಬರಹವನ್ನು ಹೇಗೆ ಆಳುತ್ತದೆ ಎಂಬುದಕ್ಕೆ ಹತ್ತೊಂಬತ್ತನೆಯ ಶತಮಾನದ ಮೊದಲರ್ಧದ ಅಮೆರಿಕದ ಮನೆಕಾಗದಗಳಷ್ಟು ಚೊಕ್ಕ ಉದಾಹರಣೆ ಸಿಗುವುದು ಕಷ್ಟ. ವರ್ಜೀನಿಯಾ, ವರ್ಮಾಂಟ್‌ಗಳಿಂದ ಪಶ್ಚಿಮಕ್ಕೆ ಹೋಗಿ ಓಹಾಯೋ, ಇಂಡಿಯಾನಾ, ಇಲಿನಾಯ್, ಮಿಸೌರಿಗಳಲ್ಲಿ ಕಾಡು ಕಡಿದು ಕುಳಿತವರು ಊರಿನ ಅಣ್ಣತಮ್ಮಂದಿರಿಗೆ ಬರೆದವು. ಅಲ್ಲಿ 1816ರ ದರಪಟ್ಟಿಯ ಪ್ರಕಾರ ಒಂದು ಹಾಳೆಯ ಕಾಗದ 30 ಮೈಲಿಯೊಳಗೆ 6 ಸೆಂಟು, 80 ಮೈಲಿಯವರೆಗೆ 10, 150 ಮೈಲಿಯವರೆಗೆ ಹನ್ನೆರಡೂವರೆ. 400 ಮೈಲಿ ದಾಟಿದರೆ 25. ಎರಡು ಹಾಳೆಯಾದರೆ ಎರಡು ಪಟ್ಟು. ಕವರು ಹಾಕಿದರೆ ಅದೂ ಒಂದು ಹಾಳೆಯ ಲೆಕ್ಕ. ಹಣ ಸಾಮಾನ್ಯವಾಗಿ ಕೊಡುತ್ತಿದ್ದವರು ಕಾಗದ ತೆಗೆದುಕೊಂಡವರು.

ಇದರ ಫಲ ಹಾಳೆಯ ಮೇಲೇ ಕಾಣುತ್ತದೆ. ಕವರಿಲ್ಲ, ದೊಡ್ಡ ಹಾಳೆಯನ್ನು ನಡುವೆ ಮಡಿಸಿ ನಾಲ್ಕು ಪುಟ ಮಾಡಿ, ಮೂರು ಪುಟ ಬರೆದು, ನಾಲ್ಕನೆಯದರ ನಡುಭಾಗವನ್ನು ವಿಳಾಸಕ್ಕೆ ಬಿಟ್ಟು, ಉಳಿದುದನ್ನು ಒಳಕ್ಕೆ ಮಡಚಿ ಅರಗು ಹಾಕುತ್ತಿದ್ದರು. ಜಾಗ ಸಾಲದಿದ್ದರೆ ಹಾಳೆಯನ್ನು ಅಡ್ಡ ತಿರುಗಿಸಿ, ಬರೆದ ಸಾಲುಗಳ ಮೇಲೇ ಅಡ್ಡಸಾಲು. ಅರಗು ಒಡೆದಾಗ ಹರಿದ ಕಾಗದದ ಚೂರು ಎದುರಿನ ಮಡಿಕೆಗೆ ಅಂಟಿರುತ್ತದೆ. ಮೂರನೆಯ ಪುಟದ ಅಂಚಿನಲ್ಲಿ ತಪ್ಪಿದ ಎರಡು ಪದಗಳನ್ನು ಅರಗಿನ ಅಡಿಯಲ್ಲಿ ಹುಡುಕಬೇಕು ಎಂಬುದು ಅಲ್ಲಿನ ಓದುಗರಿಗೆ ಗೊತ್ತಿರುವ ಯುಕ್ತಿ. 1845ರಲ್ಲಿ ದರ 300 ಮೈಲಿಯೊಳಗೆ ಅರ್ಧ ಔನ್ಸಿಗೆ 5 ಸೆಂಟು, ಅದರಾಚೆ 10 ಎಂದಾಯಿತು. ಹಾಳೆ ಎಣಿಸುವ ಬದಲು ತೂಕ ನೋಡತೊಡಗಿದ ಮೇಲೆ ಕವರು ಬಂತು. ಕವರು ಇದೆಯೋ ಇಲ್ಲವೋ ಎಂಬುದೇ ಅಲ್ಲಿ ಕಾಲದ ಗುರುತು.

ನಮ್ಮಲ್ಲಿ ದೂರದ ಲೆಕ್ಕ ಬಿಟ್ಟುಹೋದದ್ದು 1854ರಲ್ಲಿ. ಕಾಲು ತೊಲ ತೂಕದ ಕಾಗದಕ್ಕೆ ದೇಶದ ಯಾವ ಮೂಲೆಗಾದರೂ ಅರ್ಧ ಆಣೆ. 1879ರಲ್ಲಿ ಕಾಲಾಣೆಯ ಕಾರ್ಡು ಬಂತು, 1950ರಲ್ಲಿ ಇನ್‌ಲ್ಯಾಂಡು. ಆದರೂ ಜಾಗದ ಜಿಪುಣತನ ಹಾಗೇ ಉಳಿಯಿತು. ಕಾರ್ಡಿನ ವಿಳಾಸದ ಬದಿಯ ಎಡ ಅರ್ಧ, ಮೇಲಿನ ಅಂಚು, ತಲೆಕೆಳಗಾಗಿ ಬರೆದ ಕೊನೆಯ ಸಾಲು, ಇನ್‌ಲ್ಯಾಂಡಿನ ಗೋಂದು ಹಚ್ಚುವ ಕಿವಿ, ಇವೆಲ್ಲ ಬರಹದ ಜಾಗಗಳೇ. ಮುಖ್ಯವಾದ ಸಂಗತಿ ಅಲ್ಲೇ ಇರುವುದು ಹೆಚ್ಚು. ಕ್ಷೇಮಸಮಾಚಾರ, ಮಳೆ, ಅಡಿಕೆಯ ಧಾರಣೆ ಎಲ್ಲ ನಡುವಿನಲ್ಲಿ; "ಅಕ್ಕನಿಗೆ ಈಗ ಐದು ತಿಂಗಳು" ಎಂಬುದು ಅಂಚಿನಲ್ಲಿ, ಸಣ್ಣಕ್ಷರದಲ್ಲಿ. ಕಾರ್ಡನ್ನು ಅಂಚೆಯಣ್ಣನೂ ಅಂಗಡಿಯವರೂ ಓದುತ್ತಾರೆಂಬ ಎಚ್ಚರ ಬರೆದವರಿಗೆ ಇತ್ತು. ಗುಟ್ಟಿನ ಮಾತು ಕಾರ್ಡಿನಲ್ಲಿಲ್ಲ ಎಂದರೆ ಗುಟ್ಟು ಇರಲಿಲ್ಲ ಎಂದಲ್ಲ. ಅದೇ ವಾರದ ಕವರು ಎಲ್ಲಿ ಎಂದು ಹುಡುಕಿ.

ಸ್ಟಾಂಪಿಲ್ಲದ, ಮುದ್ರೆಯಿಲ್ಲದ ಮಡಿಕೆ ಸಿಕ್ಕರೆ ಗಾಬರಿ ಬೇಡ. ಆಳಿನ ಕೈಯಲ್ಲೋ, ಜಾತ್ರೆಗೆ ಹೊರಟ ನೆಂಟರ ಕೈಯಲ್ಲೋ ಕಳಿಸಿದ್ದು. ಅಮೆರಿಕದಲ್ಲೂ ಊರಿಗೆ ಹೊರಟ ಪರಿಚಯದವರ ಕೈಯಲ್ಲಿ ಕಾಗದ ಕೊಟ್ಟು ಅಂಚೆಯ ಖರ್ಚು ಉಳಿಸುತ್ತಿದ್ದರು. ಇಂಥವು ಹೆಚ್ಚು ಬಿಚ್ಚುಮನಸ್ಸಿನವು, ಕಾಲ ಹಿಡಿಯುವುದು ಮಾತ್ರ ಕಷ್ಟ.

ಕಾಲ ಹಿಡಿಯುವುದು

ಮೊದಲು ಅಂಚೆಮುದ್ರೆ. ಕಾಗದ ಹೊರಟ ಊರಿನ ಮುದ್ರೆ ಸ್ಟಾಂಪಿನ ಮೇಲೆ, ತಲುಪಿದ ಊರಿನದು ಹೆಚ್ಚಾಗಿ ಹಿಂಬದಿಯಲ್ಲಿ. ಮಸುಕಾಗಿದ್ದರೆ ಹಾಳೆಯನ್ನು ಕಿಟಕಿಯ ಪಕ್ಕ ಓರೆಯಾಗಿ ಹಿಡಿದು ಫೋಟೋ ತೆಗೆದು, ಬಣ್ಣ ಕಳೆದು ಕಪ್ಪು-ಬಿಳುಪಿನ ಅಂತರ ಏರಿಸಿ. ಎರಡು ಮುದ್ರೆಗಳ ನಡುವಿನ ದಿನಗಳನ್ನು ಬೇರೆ ಅಂಕಣದಲ್ಲಿ ಬರೆದಿಡಿ. ಉತ್ತರ ಯಾವ ಪ್ರಶ್ನೆಗೆ ಬಂದದ್ದು ಎಂದು ಹೊಂದಿಸಲು ಈ ಲೆಕ್ಕ ಬೇಕಾಗುತ್ತದೆ: ಅತ್ತ ಕಡೆಯ ಕಾಗದ ತಲುಪುವ ಮೊದಲೇ ಇತ್ತಣದು ಹೊರಟಿದ್ದರೆ ಅವೆರಡು ದಾರಿಯಲ್ಲಿ ಒಂದನ್ನೊಂದು ದಾಟಿವೆ, ಪ್ರಶ್ನೋತ್ತರ ಅಲ್ಲ. ಬೊಂಬಾಯಿಯ ಹೋಟೆಲಿನಲ್ಲಿದ್ದ ಮಗ ತಂದೆಯ ಮಾತಿಗೆ ಉತ್ತರ ಕೊಡಲಿಲ್ಲ ಎಂದು ನೀವು ಕೋಪಿಸಿಕೊಳ್ಳುವ ಮೊದಲು ಮುದ್ರೆ ನೋಡಿ.

ಮುದ್ರೆ ಇಲ್ಲದಿದ್ದರೆ ಸ್ಟಾಂಪು ಮತ್ತು ವಿಳಾಸ. ಇಲ್ಲಿ ಒಂದು ನಿಯಮ ಎಂದೂ ತಪ್ಪಬಾರದು: ಹೊಸ ಗುರುತು "ಇದಕ್ಕಿಂತ ಮೊದಲಲ್ಲ" ಎಂದು ಗಟ್ಟಿಯಾಗಿ ಹೇಳುತ್ತದೆ, ಹಳೆಯ ಗುರುತು "ಇದರ ಆಮೇಲೆ ಅಲ್ಲ" ಎಂದು ಹೇಳುವುದಿಲ್ಲ. ನಯಾ ಪೈಸೆಯ ಸ್ಟಾಂಪು 1957ರ ಎಪ್ರಿಲ್ 1ಕ್ಕಿಂತ ಮೊದಲು ಸಾಧ್ಯವಿಲ್ಲ. 'ನಯಾ' ಬಿಟ್ಟು ಬರಿಯ ಪೈಸೆಯಾದದ್ದು 1964ರ ಜೂನಿನಲ್ಲಿ. ಆದರೆ ಮನೆಯಲ್ಲಿ ಉಳಿದಿದ್ದ ಹಳೆಯ ಸ್ಟಾಂಪನ್ನು ಆಮೇಲೂ ಅಂಟಿಸುತ್ತಿದ್ದರು. ಕಾಗದಕ್ಕೆ 5 ಪೈಸೆಯ ನಿರಾಶ್ರಿತರ ಪರಿಹಾರದ ಸ್ಟಾಂಪು ಬೇರೆಯಾಗಿ ಅಂಟಿದ್ದರೆ ನಿಮ್ಮ ಅದೃಷ್ಟ: ಆ ತೆರಿಗೆ ಇದ್ದದ್ದು 1971ರ ನವೆಂಬರ್ 15ರಿಂದ 1973ರ ಮಾರ್ಚ್ 31ರವರೆಗೆ ಮಾತ್ರ. ಆರಂಕಿಯ ಪಿನ್ ಕೋಡು ಇದ್ದರೆ 1972ರ ಆಗಸ್ಟ್ 15ರ ನಂತರದ್ದು. ಅದಕ್ಕೆ ಮೊದಲು ದೊಡ್ಡ ಪಟ್ಟಣಗಳಿಗೆ "ಬೊಂಬಾಯಿ-14", "ಮದ್ರಾಸು-17", "ಬೆಂಗಳೂರು-4" ಎಂದು ಬರೆಯುತ್ತಿದ್ದರು. ಅದೇ ಅಂಕಿ ಹೊಸ ಪಿನ್ನಿನ ಬಾಲವಾಯಿತು, ಬೆಂಗಳೂರು-4 ಹೋಗಿ 560004. ಹಳೆಯ ಬಿಡಾರ ಇಂದು ಯಾವ ಬಡಾವಣೆ ಎಂದು ಕಂಡುಹಿಡಿಯಲು ಇದು ನೇರ ದಾರಿ.

ಕಾಸರಗೋಡಿನ ವಿಳಾಸವಂತೂ ತಾನೇ ಒಂದು ಪಂಚಾಂಗ. 1956ರ ನವೆಂಬರ್ 1ರವರೆಗೆ ಅದು ಮದ್ರಾಸು ರಾಜ್ಯದ ದಕ್ಷಿಣ ಕನ್ನಡದ ತಾಲೂಕು. ಆಮೇಲೆ ಕೇರಳ, ಕಣ್ಣಾನೂರು ಜಿಲ್ಲೆ. 1984ರ ಮೇ 24ರಿಂದ ತನ್ನದೇ ಜಿಲ್ಲೆ. "ಕಣ್ಣಾನೂರು ಜಿಲ್ಲೆ" ಎಂದು ಕಂಡರೆ 1957ರಿಂದ ಈಚಿನದು ಎಂದು ಧೈರ್ಯವಾಗಿ ಹೇಳಬಹುದು. "ಕಾಸರಗೋಡು, ದ.ಕ." ಎಂದು ಕಂಡರೆ ಹೇಳುವಂತಿಲ್ಲ. ಅಭ್ಯಾಸದಿಂದಲೋ ಹಟದಿಂದಲೋ ಬಹಳ ವರ್ಷ ಹಾಗೇ ಬರೆದವರಿದ್ದಾರೆ, ಮತ್ತು ಆ ಹಟ ಕಾಗದದ ಒಳಗೂ ಕಾಣುತ್ತದೆ. 1966ರಲ್ಲಿ ನೇಮಕವಾದ ಮಹಾಜನ್ ಆಯೋಗ ಮರುವರ್ಷ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕೆಂದಿತು. "ಹೊಳೆಯಾಚೆ", "ವರದಿ", "ವಿಲೀನ" ಎಂಬ ಮಾತುಗಳು ಸಂದರ್ಭ ಹೇಳದೆ ಬಂದರೆ ಈ ಜಗಳ ನೆನಪಿಗೆ ಬರಲಿ. ಆಚೆ ಕಡೆಯ ವಿಳಾಸದಲ್ಲಿ "ಮೈಸೂರು ರಾಜ್ಯ" ಹೋಗಿ "ಕರ್ನಾಟಕ" ಬಂದದ್ದು 1973ರ ನವೆಂಬರ್ 1ರಂದು, ಮದ್ರಾಸು ಹೋಗಿ "ತಮಿಳುನಾಡು" 1969ರ ಜನವರಿಯಲ್ಲಿ.

ಬರೆದವರು ಸಂವತ್ಸರ ಮತ್ತು ಸೌರಮಾಸ ಹಾಕಿದ್ದರೆ ಕೆಲಸ ಇನ್ನೂ ಚೆನ್ನ. ಪ್ರಭವ 1867, 1927, 1987ರಲ್ಲಿ ಶುರುವಾಗುತ್ತದೆ. ಅಲ್ಲಿಂದ ಅರುವತ್ತನ್ನೂ ಎಣಿಸಿ ಒಂದು ಪಟ್ಟಿ ಮಾಡಿ ಗೋಡೆಗೆ ಅಂಟಿಸಿಕೊಳ್ಳಿ. ಹೀಗೊಂದು ಕಾಗದವಿದೆ ಎಂದುಕೊಳ್ಳಿ: "ದುರ್ಮುಖಿ ಸಂ॥ ತುಲಾ ೧೮ ಶನಿವಾರ". ದುರ್ಮುಖಿ ಮೂವತ್ತನೆಯದು, 1896-97 ಇರಬಹುದು, 1956-57 ಇರಬಹುದು. ತುಲಾ ಸಂಕ್ರಮಣ ಅಕ್ಟೋಬರ್ 17ರ ಆಸುಪಾಸು, ಹಾಗಾಗಿ ಹದಿನೆಂಟು ಎಂದರೆ ನವೆಂಬರ್ 3ರ ಹತ್ತಿರ. 1956ರ ನವೆಂಬರ್ 3 ಶನಿವಾರ. 1896ರಲ್ಲಿ ಲೆಕ್ಕ ಸೋಮವಾರಕ್ಕೋ ಮಂಗಳವಾರಕ್ಕೋ ಬೀಳುತ್ತದೆ. ವಾರ ತೀರ್ಮಾನ ಕೊಟ್ಟಿತು: ರಾಜ್ಯ ಬದಲಾದ ಮೂರನೆಯ ದಿನದ ಕಾಗದ. ಬರೆದವರು ವಾರ ಹಾಕಿದ್ದರೆ ಅದನ್ನು ಎಂದೂ ಅಲಂಕಾರ ಎಂದು ಬಿಡಬೇಡಿ.

ಇದರಲ್ಲಿ ಜಾರುವ ಜಾಗ ಎರಡು. ಚಾಂದ್ರಮಾನದವರ ಸಂವತ್ಸರ ಯುಗಾದಿಗೆ ಬದಲಾದರೆ ಸೌರಮಾನದವರದು ವಿಷುವಿಗೆ, ಎಪ್ರಿಲ್ 14ರ ಸುಮಾರಿಗೆ. ನಡುವಿನ ದಿನಗಳಲ್ಲಿ ಬರೆದ ಕಾಗದ ಒಂದು ವರ್ಷ ತಪ್ಪಿಹೋಗಬಹುದು. ಎರಡನೆಯದು, ಸಂಕ್ರಮಣದ ದಿನವನ್ನು ಹೋದ ತಿಂಗಳಿಗೆ ಸೇರಿಸುವವರೂ ಬಂದ ತಿಂಗಳಿಗೆ ಸೇರಿಸುವವರೂ ಇದ್ದಾರೆ. ತುಳು ತಿಂಗಳಿನಲ್ಲಿ, ಅಂದರೆ ಪಗ್ಗು, ಬೇಶ, ಕಾರ್ತೆಲ್, ಆಟಿ, ಸೋಣ ಎಂದು ಬರೆದಲ್ಲಿ, ಒಂದು ದಿನ ಆಚೀಚೆ ಆಗುತ್ತದೆ. ಮಲಯಾಳದ ಕಡೆಯ ನೆಂಟರು ಕೊಲ್ಲವರ್ಷ ಹಾಕಿದ್ದರೆ ಆಗಸ್ಟ್ ನಡುವಿನಿಂದ ಡಿಸೆಂಬರ್‌ವರೆಗೆ 824, ಜನವರಿಯಿಂದ ಆಗಸ್ಟ್ ನಡುವಿನವರೆಗೆ 825 ಕೂಡಿಸಿ. '99ರ ನೆರೆ' ಎಂದರೆ ಕೊಲ್ಲವರ್ಷ 1099, ನಮ್ಮ ಲೆಕ್ಕದ 1924ರ ಜುಲೈ. ಉತ್ತರ ಮಲಬಾರಿನ ಹಳೆಯ ಪದ್ಧತಿಯಲ್ಲಿ ವರ್ಷ ಸಿಂಹಕ್ಕಲ್ಲ, ಮುಂದಿನ ಕನ್ನಿ (ಕನ್ಯಾ) ತಿಂಗಳಿಗೆ ಬದಲಾಗುತ್ತಿತ್ತು, ಆದ್ದರಿಂದ ಸಿಂಹಮಾಸದ ಕಾಗದಗಳನ್ನು ಎರಡೆರಡು ಸಲ ನೋಡಿ.

ಹಣದ ಬರಹವೂ ಕಾಲ ಹೇಳುತ್ತದೆ. 5-8-0 ಎಂದರೆ ಐದು ರೂಪಾಯಿ ಎಂಟಾಣೆ. ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ಅಕ್ಕಿಯ ಲೆಕ್ಕದಲ್ಲಿ ಮುಡಿ ಎಂದರೆ ಮೂರು ಕಳಸೆ, ಕಳಸೆ ಎಂದರೆ 14 ಸೇರು. ಗೇಣಿಯ ಬಾಕಿ ಎಷ್ಟೆಂದು ತಿಳಿಯದೆ ಆ ಜಗಳದ ಕಾಗದ ಓದಿದರೆ ಸಣ್ಣದು ದೊಡ್ಡದಾಗಿ, ದೊಡ್ಡದು ಸಣ್ಣದಾಗಿ ಕಾಣುತ್ತದೆ.

ಅಕ್ಷರ ಬಿಡಿಸುವುದು, ಮನುಷ್ಯರನ್ನು ಗುರುತಿಸುವುದು

ಕೂಡಿಸಿ ಬರೆದ ಕೈಬರಹ ಮೊದಲ ನೋಟಕ್ಕೆ ಗೋಡೆಯ ಹಾಗೆ ನಿಲ್ಲುತ್ತದೆ. ಪದಗಳ ನಡುವೆ ಜಾಗವಿಲ್ಲ, ಪೂರ್ಣವಿರಾಮವಿಲ್ಲ. ನಡುವಿನಿಂದ ಶುರುಮಾಡಬೇಡಿ. ಒಕ್ಕಣೆ ನಿಮಗೆ ಗೊತ್ತಿರುವ ಮಾತು: "ತೀ॥ರೂ॥ ತಂದೆಯವರ ಸನ್ನಿಧಾನಕ್ಕೆ… ಮಾಡುವ ಸಾಷ್ಟಾಂಗ ನಮಸ್ಕಾರಗಳು", "ಉಭಯ ಕುಶಲೋಪರಿ", "ಇತ್ತ ಕ್ಷೇಮ, ಅತ್ತಣ ಕ್ಷೇಮಕ್ಕೆ ಬರೆಯಿಸುತ್ತಿರಬೇಕು". ಅಲ್ಲಿ ಆ ಕೈಯ ಕ, ಷ, ಪ, ವ, ಮ, ಯ ಹೇಗಿವೆ ಎಂದು ನೋಡಿ, ಫೋಟೋದಿಂದ ಕತ್ತರಿಸಿ ಒಂದು ಹಾಳೆಯಲ್ಲಿ ಅಕ್ಷರಮಾಲೆ ಮಾಡಿ. ಮುಕ್ತಾಯದ "ದೊಡ್ಡವರಿಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ" ಇನ್ನಷ್ಟು ಅಕ್ಷರ ಕೊಡುತ್ತದೆ. ಪ್ರತಿ ಬರಹಗಾರರಿಗೂ ಬೇರೆ ಹಾಳೆ. ಹೆಚ್ಚು ತಪ್ಪುವುದು ಪ-ವ, ಅಂಕಿಗಳಲ್ಲಿ ೬-೯, ಮತ್ತು ಮುಂದಿನ ಅಕ್ಷರದ ನಂತರ ಬರುವ ಅರ್ಕಾವೊತ್ತು. ಕೈಬರಹ ಓದುವ ಆ್ಯಪುಗಳು ಸಿಗುತ್ತವೆ. ಹಳೆಯ ಕನ್ನಡ ಕೈಬರಹದಲ್ಲಿ ಅವು ಇಲ್ಲದ ಪದವನ್ನು ಧೈರ್ಯವಾಗಿ ಕೊಡುವುದೇ ಹೆಚ್ಚು, ಆದ್ದರಿಂದ ಅವುಗಳ ಮಾತನ್ನು ಮೂಲದ ಎದುರು ಇಡದೆ ನಂಬಬೇಡಿ.

ಇದ್ದದ್ದನ್ನು ಇದ್ದ ಹಾಗೆ ನಕಲು ಮಾಡಿ. ಕಾಗುಣಿತ ತಿದ್ದಬೇಡಿ. ಹವ್ಯಕ, ತುಳು, ಕೊಂಕಣಿ, ಕರಾಡ ಮರಾಠಿ, ಮಲಯಾಳ ಎಲ್ಲವೂ ಕನ್ನಡ ಲಿಪಿಯಲ್ಲೇ ಒಂದೇ ಕಾಗದದಲ್ಲಿ ಬಂದೀತು. ತಪ್ಪು ಕನ್ನಡ ಎಂದು ತೋರಿದ್ದನ್ನು ಬೇರೆ ಮನೆಮಾತಿನವರಿಗೆ ಓದಿಹೇಳಿ ನೋಡಿ. ಓದಲಾಗದ ಪದಕ್ಕೆ ಚೌಕ ಕಂಸದಲ್ಲಿ ಚುಕ್ಕಿಗಳು, ಅನುಮಾನದ ಪದಕ್ಕೆ ಪ್ರಶ್ನೆಚಿಹ್ನೆ, ಹರಿದ ಜಾಗಕ್ಕೆ "ಹರಿದಿದೆ". ಸಾಲು ಮುರಿದಲ್ಲೇ ಸಾಲು ಮುರಿಯಿರಿ, ಆಮೇಲೆ ಮೂಲದೊಂದಿಗೆ ಹೊಂದಿಸಲು ಸುಲಭ.

ಹೆಸರುಗಳು ನಂಬಿಕೆಗೆ ಬರುವುದಿಲ್ಲ. ಅಜ್ಜನ ಹೆಸರೇ ಮೊಮ್ಮಗನಿಗೆ; ಒಂದೇ ಕುಟುಂಬದಲ್ಲಿ ಮೂರು ಸುಬ್ರಾಯರು, ನಾಲ್ಕು ಶಂಕರರು. ಹಿಡಿಯಬೇಕಾದದ್ದು ಮನೆಯ ಹೆಸರು. ಒಬ್ಬೊಬ್ಬರಿಗೆ ಒಂದು ಚೀಟಿ ಮಾಡಿ: ಮನೆ, ಕರೆಯುವ ಹೆಸರು, ಬರೆದವರಿಗೆ ಏನಾಗಬೇಕು, ಮೊದಲು ಕಂಡ ಕಾಗದ, ಕೊನೆಗೆ ಕಂಡ ಕಾಗದ. "ಭಾವ" ಎಂದರೆ ಅಕ್ಕನ ಗಂಡನೋ, ಹೆಂಡತಿಯ ಅಣ್ಣನೋ, ಸೋದರಮಾವನ ಮಗನೋ ಎಂಬುದು ಬರೆದವರು ಯಾರೆಂಬುದರ ಮೇಲೆ ನಿಂತಿದೆ. ಸೋದರಳಿಯನಿಗೆ ಆಸ್ತಿ ಹೋಗುವ ಅಳಿಯಕಟ್ಟಿನ ಮನೆಗಳಲ್ಲಿ ಆಸ್ತಿಯ ಮಾತು ತಂದೆ-ಮಗನ ನಡುವೆ ಬಾರದೆ ಮಾವ-ಅಳಿಯನ ನಡುವೆ ಬರುತ್ತದೆ. ಅದನ್ನು ಮರೆತರೆ ವಂಶವೃಕ್ಷ ಅಡ್ಡಾದಿಡ್ಡಿಯಾಗುತ್ತದೆ. ಹೆಸರಿನ ಮುಂದಿನ ಗೌರವದ ಅಕ್ಷರಗಳಿಗೂ ಕಣ್ಣಿಡಿ. ಅದೇ ಹೆಂಗಸಿಗೆ "ಚಿ॥" ಇದ್ದದ್ದು "ಸೌ॥" ಆದರೆ ನಡುವೆ ಮದುವೆ ಆಗಿದೆ. ಕೆಲವು ಮನೆಗಳ ಪದ್ಧತಿಯಂತೆ "ಗಂ॥ಭಾ॥" (ಗಂಗಾಭಾಗೀರಥಿ) ಬಂದರೆ ಗಂಡ ತೀರಿಕೊಂಡಿದ್ದಾರೆ. ಸಾವಿನ ಸುದ್ದಿ ಇಷ್ಟರಿಂದಲೇ ತಿಳಿಯಬೇಕಾಗಬಹುದು. ಅಶುಭದ ಕಾಗದವನ್ನು ಓದಿದ ಕೂಡಲೇ ಹರಿದುಹಾಕುತ್ತಿದ್ದರು, ಮೂಲೆಗೆ ಅರಶಿನ ಹಚ್ಚಿದ್ದನ್ನು ಜೋಪಾನ ಮಾಡುತ್ತಿದ್ದರು. ಪೆಟ್ಟಿಗೆಯಲ್ಲಿ ಮದುವೆ ತುಂಬ, ಮರಣ ಕಡಿಮೆ ಇದ್ದರೆ ಆ ಮನೆಯವರು ಚಿರಾಯುಗಳಾಗಿದ್ದರೆಂದು ಬರೆಯಬೇಡಿ.

ಪ್ರತಿ ತೆಗೆದು ಇಡುವುದು

ಸ್ಕ್ಯಾನರಿದ್ದರೆ ಕಾರ್ಡಿಗೆ 600 ಡಿಪಿಐ, ದೊಡ್ಡ ಹಾಳೆಗೆ 400, ಬಣ್ಣದಲ್ಲಿ. ಫೋನಾದರೆ ಕಿಟಕಿಯ ನೆರಳುಬೆಳಕು, ಹಾಳೆಗೆ ಸಮಾನಾಂತರ, ಫ್ಲಾಶ್ ಬೇಡ. ಖಾಲಿ ಬದಿಯನ್ನೂ ತೆಗೆಯಿರಿ, ಕವರಿನ ಎರಡು ಬದಿ ತಪ್ಪಿಸಬೇಡಿ, ಎಂ.ಒ. ಕೂಪನಿನ ಹಿಂದಿನ ಎರಡು ಸಾಲನ್ನೂ. ಫೈಲಿನ ಹೆಸರಿನಲ್ಲಿ ವರ್ಷ-ತಿಂಗಳು-ದಿನ, ಆಮೇಲೆ ಪೆನ್ಸಿಲಿನ ಸಂಖ್ಯೆ: 1956-11-03_3-017. ದಿನ ಗೊತ್ತಿಲ್ಲದಿದ್ದರೆ 00. ಅಂಕಿಯನ್ನು ಒಮ್ಮೆ ೩ ಎಂದೂ ಒಮ್ಮೆ 3 ಎಂದೂ ಬರೆದರೆ ಸಾಲು ಕಲಸಿಹೋಗುತ್ತದೆ. ನೆಂಟರಿಗೆ ವಾಟ್ಸಾಪಿನಲ್ಲಿ ಫೋಟೋವಾಗಿ ಕಳಿಸಿದರೆ ಅದು ಕುಗ್ಗಿ, ಸಣ್ಣಕ್ಷರ ಹೋಗುತ್ತದೆ, ಡಾಕ್ಯುಮೆಂಟಾಗಿ ಕಳಿಸಿ. ಒಂದು ಪ್ರತಿ ಮನೆಯ ಹೊರಗೆ, ಬೇರೆ ಊರಿನಲ್ಲಿರಲಿ.

ಮೂಲಕ್ಕೆ ಲ್ಯಾಮಿನೇಶನ್ ಎಂದರೆ ತಿರುಗಿ ಬಾರದ ದಾರಿ. ಸೆಲೋಟೇಪು ಹತ್ತಿಪ್ಪತ್ತು ವರ್ಷಕ್ಕೆ ಹಳದಿಯಾಗಿ ಉದುರಿ ಅಂಟನ್ನು ಮಾತ್ರ ಬಿಟ್ಟುಹೋಗುತ್ತದೆ. ಹರಿದದ್ದು ಹರಿದೇ ಇರಲಿ, ತುಂಡುಗಳನ್ನು ಒಂದು ಮಡಿಕೆಯೊಳಗೆ ಇಡಿ. ನಮ್ಮ ಹವೆಗೆ ಗಾಳಿಯಾಡದ ಪ್ಲಾಸ್ಟಿಕ್ ಚೀಲ ಒಳ್ಳೆಯದಲ್ಲ. ಪ್ರತಿ ಕಾಗದವನ್ನು ಆಮ್ಲರಹಿತ ಕಾಗದದ ಮಡಿಕೆಯಲ್ಲಿಟ್ಟು, ಹತ್ತಿ ಬಟ್ಟೆಯಲ್ಲಿ ಸುತ್ತಿ. ತಗಡಿನ ಟ್ರಂಕು ಒರಲೆಗೆ ಒಳ್ಳೆಯದು, ಆದರೆ ಮಳೆಗಾಲದಲ್ಲಿ ಬೆವರುತ್ತದೆ: ಗೋಡೆಯಿಂದ ಒಂದು ಗೇಣು ಬಿಟ್ಟು, ನೆಲದಿಂದ ಎತ್ತಿ, ಒಳಗೆ ನಾಲ್ಕೂ ಬದಿ ಬಟ್ಟೆ ಹಾಸಿ ಇಡಿ. ಮುಚ್ಚಳ ಬಿಗಿಯಾಗಿ ಕೂರುವುದಾದರೆ ಅರ್ಧ ಕಿಲೋ ಸಿಲಿಕಾ ಜೆಲ್ ಬಟ್ಟೆಚೀಲದಲ್ಲಿ ಹಾಕಿ, ಬಣ್ಣ ಬದಲಾದಾಗ ಬಿಸಿ ಮಾಡಿ ಒಣಗಿಸಿ. ಮುಚ್ಚಳ ಸಡಿಲವಿದ್ದರೆ ಅದು ಇಡೀ ಕೋಣೆಯ ತೇವ ಹೀರುತ್ತ ಎರಡು ದಿನಕ್ಕೆ ಸೋಲುತ್ತದೆ. ಬೇವಿನೆಲೆ, ಲಾವಂಚ ಹಾಕಲೇಬೇಕೆಂದರೆ ಚೆನ್ನಾಗಿ ಒಣಗಿಸಿ, ಚೀಲದಲ್ಲಿ, ಕಾಗದಕ್ಕೆ ತಾಗದಂತೆ. ಹುಳ ಜೀವಂತ ಇದೆ ಎಂದು ಅನುಮಾನವಿದ್ದರೆ ಕಟ್ಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ತೆಗೆದು ಮುಚ್ಚಿ ಫ್ರೀಜರಿನಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ ಒಂದು ಇಡೀ ದಿನ ಚೀಲ ತೆರೆಯಬಾರದು, ತೆರೆದರೆ ತಣ್ಣಗಿನ ಕಾಗದದ ಮೇಲೆ ನೀರು ಕೂರುತ್ತದೆ.

ಕುಟುಂಬದ ಗುಂಪಿನಲ್ಲಿ ಹಾಕುವ ಮೊದಲು ಇನ್ನೊಂದು ಸಂಗತಿ. ಹಾಳೆ ನಿಮ್ಮ ಪೆಟ್ಟಿಗೆಯದಾದರೂ ಬರಹದ ಹಕ್ಕು ಬರೆದವರ ವಾರಸುದಾರರದು. ಪಾಲುಪಟ್ಟಿಯ ಜಗಳ, ಕಾಯಿಲೆ, ಮುರಿದುಹೋದ ಸಂಬಂಧದ ಮಾತು ಇರುವ ಕಾಗದಗಳ ಪ್ರತಿಯನ್ನು ಬೇರೆ ಫೋಲ್ಡರಿನಲ್ಲಿಟ್ಟು, ಆ ಮನೆಯವರನ್ನು ಕೇಳಿಯೇ ಹಂಚಿ.

ಕೊನೆಗೊಂದು ಪಟ್ಟಿ ಮಾಡಲೇಬೇಕು: ನಿಮ್ಮ ಪೆಟ್ಟಿಗೆಯಲ್ಲಿರುವುದು ಬಂದ ಕಾಗದಗಳು ಮಾತ್ರ, ಹೋದವು ಆಚೆಯ ಮನೆಗಳಲ್ಲಿವೆ. "ನಿಮ್ಮ ಕಾಗದ ತಲುಪಿತು" ಎಂಬ ಸಾಲು ಬಂದಲ್ಲೆಲ್ಲ ಇಲ್ಲಿಂದ ಹೋದ ಕಾಗದದ ದಿನ, ಊರು, ವಿಷಯ ಬರೆದುಕೊಂಡರೆ ಇಲ್ಲದ ಕಾಗದಗಳ ಪಟ್ಟಿ ಸಿದ್ಧವಾಗುತ್ತದೆ. ಅದನ್ನು ಹಿಡಿದು ಪುತ್ತೂರು, ಸುಳ್ಯ, ಮಡಿಕೇರಿ, ಬೊಂಬಾಯಿಯ ಮನೆಗಳಿಗೆ ಕೇಳಿ. "ಹಳೆಯ ಕಾಗದ ಏನಾದರೂ ಇದೆಯಾ?" ಎಂದರೆ ಇಲ್ಲ ಎನ್ನುತ್ತಾರೆ. "1958ರ ಮೇ ತಿಂಗಳಲ್ಲಿ ನಿಮ್ಮ ಅಜ್ಜನಿಗೆ ಇಲ್ಲಿಂದ ಗೇಣಿಯ ವಿಷಯಕ್ಕೆ ಎರಡು ಕಾರ್ಡು ಹೋಗಿದೆ, ನೋಡಬಹುದಾ?" ಎಂದರೆ ಅಟ್ಟ ಹತ್ತುತ್ತಾರೆ.